ಎಣಿಸಿ ಇಳಿಸುವುದು: ದೊಡ್ಡ ಕೆರೆಯಲ್ಲಿ ಲೂರ್ ಗಾಳ ಕಲಿಯುವವರಿಗೆ ಒಂದು ಟಿಪ್ಪಣಿ

ಎರೆಹುಳು ಚುಚ್ಚಿ, ಬೆಂಡು ಕಟ್ಟಿ ಕೂರುವ ಗಾಳದಲ್ಲಿ ವಾಸನೆಯ ಜಾಡು ಹಿಡಿದು ಮೀನೇ ನಮ್ಮತ್ತ ಬರುತ್ತದೆ. ಲೂರ್, ಅಂದರೆ ಕೃತಕ ಎರೆ, ಕಟ್ಟಿದ ಗಾಳದಲ್ಲಿ ಆ ಅನುಕೂಲವಿಲ್ಲ. ಸೀಸದ ತಲೆಗೆ ಸಿಕ್ಕಿಸಿದ ಮೂರು ಇಂಚಿನ ರಬ್ಬರ್ ಮೀನು ಬೇಟೆಯಾಡುವ ಮೀನಿನ ಕಣ್ಣಿಗೆ ಬೀಳಬೇಕಾದರೆ, ಆ ಮೀನು ನಿಂತಿರುವ ಆಳದಲ್ಲಿಯೇ ಹಾಯ್ದು ಹೋಗಬೇಕು. ಸಣ್ಣ ಹೊಂಡದಲ್ಲಿ ಇದು ತಾನಾಗಿಯೇ ಆಗಿಬಿಡುತ್ತದೆ. ನೂರಾರು ಎಕರೆಯ ಕೆರೆಯಲ್ಲಿ, ದೋಣಿಯೂ ಇಲ್ಲದೆ, ಆಳ ತೋರಿಸುವ ಯಂತ್ರವೂ ಇಲ್ಲದೆ ಏರಿಯ ಮೇಲೆ ನಿಂತವನಿಗೆ ನೀರಿನೊಳಗೆ ಏನಿದೆ ಎಂಬುದೇ ತಿಳಿಯುವುದಿಲ್ಲ. ಇದಕ್ಕೆ ಉಪಾಯವೆಂದರೆ ಲೂರ್ ಮುಳುಗುವ ಸಮಯವನ್ನು ಎಣಿಸಿ ಆಳವನ್ನು ಅಂದಾಜು ಮಾಡುವುದು. ಕಲಘಟಗಿ ಕಡೆಯ ಒಂದು ಕೆರೆಯಲ್ಲಿ ಎಂಟು ಭಾನುವಾರ ಇದನ್ನು ತಪ್ಪುತಪ್ಪಾಗಿ ಮಾಡಿ, ಕೊನೆಗೆ ತಪ್ಪು ಎಲ್ಲಿದೆ ಎಂದು ತಿಳಿದ ಮೇಲೆ, ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಯಾವ ಮೀನು, ಯಾವ ಕೆರೆ

ಲೂರ್ ಹಿಡಿಯುವುದು ಬೇಟೆಯಾಡುವ ಮೀನು ಮಾತ್ರ. ಕಾಟ್ಲಾ ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ಮೃಗಾಲ ತಳದ ಕೊಳೆತ ವಸ್ತುಗಳ ಮೇಲೆ ಬದುಕುತ್ತದೆ. ಇವುಗಳ ಮುಂದೆ ರಬ್ಬರ್ ಮೀನು ಕುಣಿಸುವುದು ವ್ಯರ್ಥ. ನಮ್ಮ ಗುರಿ ಮುರ್ರೆಲ್, ಅಂದರೆ ಕೊರಮೀನು, ಮತ್ತು ಆಳದಲ್ಲಿರುವ ಬಾಳೆ ಮೀನು. ಮುರ್ರೆಲ್ ಗಾಳಿಯನ್ನೂ ಉಸಿರಾಡುವ ಮೀನಾದ್ದರಿಂದ ಆಗಾಗ ಮೇಲೆ ಬಂದು ತನ್ನ ಜಾಗ ತೋರಿಸಿಕೊಡುತ್ತದೆ. ಮಳೆಗಾಲದಲ್ಲಿ ಮರಿಗಳ ಗುಂಪನ್ನು ಕಾಯುತ್ತಿರುವ ಮುರ್ರೆಲ್‌ಗೆ ಮಾತ್ರ ಗಾಳ ಎಸೆಯಬಾರದು. ತಾಯಿತಂದೆ ಹೋದರೆ ಮರಿಗಳನ್ನು ಉಳಿದ ಮೀನುಗಳು ತಿಂದು ಮುಗಿಸುತ್ತವೆ.

ಕೆರೆಗಳ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಹರಾಜು ಹಿಡಿದವರಿಗೋ ಗುತ್ತಿಗೆಯಲ್ಲಿ ಹೋಗಿರುತ್ತದೆ. ಮೊದಲು ಅವರನ್ನು ಕೇಳಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲ ಕಳೆಯುವ ಸಂರಕ್ಷಿತ ತಾಣ, 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೂ ಸೇರಿದೆ. ಅಲ್ಲಿಗೆ ಕೋಲು ಒಯ್ಯುವ ಮಾತೇ ಇಲ್ಲ. ಹುಬ್ಬಳ್ಳಿಯ ಉಣಕಲ್ ಕೆರೆಯಂತೆ ಅಂತರಗಂಗೆ ಹಬ್ಬುವ ಕಡೆ ಮುಳುಗುವ ಲೂರ್ ಬೇರಿಗೆ ಸಿಕ್ಕಿಕೊಳ್ಳುತ್ತದೆ, ತೇಲುವ ರಬ್ಬರ್ ಕಪ್ಪೆಯೇ ಬೇಕು. ಅದು ಬೇರೆ ಪಾಠ.

ಮುಳುಗುವ ವೇಗ

ಏಳು ಗ್ರಾಂ ಸೀಸದ ತಲೆ ಮತ್ತು ಮೂರು ಇಂಚಿನ ರಬ್ಬರ್ ಮೀನನ್ನು ಅಕ್ಕನ ಹೊಲದ ಬಾವಿಯಲ್ಲಿ ಇಳಿಬಿಟ್ಟು ನೋಡಿದೆ. ಕಲ್ಲು ಕಟ್ಟಿದ ಹಗ್ಗದಿಂದ ಅಳೆದಾಗ ನೀರು 12 ಅಡಿ ಇತ್ತು. ಲೂರ್ ತಳ ಮುಟ್ಟಲು 8 ಸೆಕೆಂಡು ಹಿಡಿಯಿತು. ಅಂದರೆ ಸೆಕೆಂಡಿಗೆ ಒಂದೂವರೆ ಅಡಿ. ಮೀನಿನ ಆಸೆಯಲ್ಲಿ ನಮ್ಮ ಎಣಿಕೆ ಓಡತೊಡಗುತ್ತದೆ. ಆದ್ದರಿಂದ ನಾನು ‘ಒಂದು ಪೇಡಾ, ಎರಡು ಪೇಡಾ’ ಎಂದು ಎಣಿಸುತ್ತೇನೆ. ಧಾರವಾಡದವನಿಗೆ ಆ ಶಬ್ದವನ್ನು ಅವಸರದಲ್ಲಿ ನುಂಗಲು ಮನಸ್ಸು ಬರುವುದಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಜೊತೆ ಒಂದು ಸಂಜೆ ಅಭ್ಯಾಸ ಮಾಡಿದರೆ ಸಾಕು.

ನಾನು ಎಡವಿದ್ದು ಇಲ್ಲಿ

ಬಾವಿಯ ಲೆಕ್ಕವನ್ನು ಕೆರೆಗೆ ಹಚ್ಚಿದೆ. ಎಸೆದ ಮೇಲೆ ರೀಲಿನ ಬೇಲ್ ಅನ್ನು, ಅಂದರೆ ದಾರ ತಡೆಯುವ ತಂತಿಯ ಕಮಾನನ್ನು, ತೆರೆದೇ ಇಟ್ಟು, ದಾರ ಹೊರಗೆ ಹೋಗುವುದು ನಿಂತಾಗ ತಳ ಬಂತೆಂದು ತಿಳಿದೆ. ಎಣಿಕೆ 20 ದಾಟಿತು, 25 ದಾಟಿತು, ದಾರ ಹೋಗುತ್ತಲೇ ಇತ್ತು. ಮೂವತ್ತು, ನಲವತ್ತು ಅಡಿ ಆಳ ಎಂದು ಪುಸ್ತಕದಲ್ಲಿ ಬರೆದುಕೊಂಡು ಹಿಗ್ಗಿದೆ. ಸುತ್ತಿ ಎಳೆದಾಗಲೆಲ್ಲ ಲೂರ್ ಮೈತುಂಬ ಕೆಸರು ಮತ್ತು ಪಾಚಿ ಹೊತ್ತು ಬರುತ್ತಿದ್ದರೂ ಅನುಮಾನ ಹುಟ್ಟಲಿಲ್ಲ. ಕೊನೆಗೆ ತೆಪ್ಪದಲ್ಲಿ ಬಲೆ ಬಿಡುತ್ತಿದ್ದ ಸಂಘದ ಕಾಕಾ ಒಬ್ಬರು ನೋಡಿ ನಕ್ಕರು: “ತಮ್ಮಾ, ನಿನ್ನ ರಬ್ಬರ್ ಮೀನ ಯಾವಾಗೋ ನೆಲಾ ಮುಟ್ಟೇತಿ. ಈಗ ದಾರಾ ಎಳ್ಯಾಕತ್ತಿದ್ದು ಗಾಳಿ.”

ಬಾವಿಯಲ್ಲಿ ಗಾಳಿಯಿಲ್ಲ, ದಾರ ನೇರ ಕೆಳಗೆ ಇಳಿಯುತ್ತದೆ, ನಿಂತರೆ ತಳ ಬಂತೆಂದೇ ಅರ್ಥ. ಕೆರೆಯಲ್ಲಿ ಇಪ್ಪತ್ತು ಮೀಟರ್ ದಾರ ನೀರಿನ ಮೇಲೆ ಮಲಗಿರುತ್ತದೆ; ಲೂರ್ ನಿಂತರೂ ಗಾಳಿ ಆ ದಾರವನ್ನು ಬಿಲ್ಲಿನಂತೆ ಬಾಗಿಸಿ ಸುರುಳಿಯಿಂದ ಹೊರಗೆ ಎಳೆಯುತ್ತಲೇ ಇರುತ್ತದೆ. ಸರಿಯಾದ ಕ್ರಮ ಹೀಗಿದೆ: ಲೂರ್ ನೀರಿಗೆ ಬಿದ್ದ ಕೂಡಲೇ ಬೇಲ್ ಮುಚ್ಚಬೇಕು, ಕೋಲಿನ ತುದಿಯನ್ನು ಮೇಲೆತ್ತಿ ಸಡಿಲ ದಾರವನ್ನಷ್ಟೇ ಸುತ್ತಿಕೊಳ್ಳಬೇಕು, ಅಲ್ಲಿಂದ ಎಣಿಕೆ ಆರಂಭಿಸಿ, ಲೂರ್ ಇಳಿದಂತೆ ಕೋಲಿನ ತುದಿಯನ್ನೂ ನಿಧಾನವಾಗಿ ಇಳಿಸುತ್ತ ಹೋಗಬೇಕು. ದಾರ ಬಿಗಿಯಾಗಿ ಎಳೆದಂತೆಯೂ ಇರಬಾರದು, ಜೋತುಬಿದ್ದಂತೆಯೂ ಇರಬಾರದು. ತೂಗಿಸಿದ ತೊಟ್ಟಿಲಿನ ಹಗ್ಗವನ್ನು ಮಗು ಎಚ್ಚರಗೊಳ್ಳದಂತೆ ಹಿಡಿದಿರುತ್ತೇವಲ್ಲ, ಅಷ್ಟೇ ಹದ. ಕಣ್ಣು ದಾರ ನೀರೊಳಗೆ ಹೋಗುವ ಬಿಂದುವಿನ ಮೇಲಿರಬೇಕು. ಲೂರ್ ಇಳಿಯುತ್ತಿರುವಷ್ಟು ಹೊತ್ತು ಆ ಬಿಂದು ಮೆಲ್ಲಗೆ ಸರಿಯುತ್ತದೆ, ತಳ ಮುಟ್ಟಿದ ಕ್ಷಣ ದಾರ ಸತ್ತಂತೆ ಸಡಿಲಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಹೀಗೆ ಅರೆಬಿಗಿಯಲ್ಲಿ ಇಳಿಯುವ ಲೂರ್ ಬಾವಿಯಲ್ಲಿ ಇಳಿದಷ್ಟು ಬೇಗ ಇಳಿಯುವುದಿಲ್ಲ, ಏಕೆಂದರೆ ಅದು ಅಷ್ಟುದ್ದ ದಾರವನ್ನು ನೀರಿನಲ್ಲಿ ಎಳೆದುಕೊಂಡು ಹೋಗಬೇಕು. ಎಷ್ಟು ತಡವಾಗುತ್ತದೆ ಎಂದು ತಿಳಿಯಲು ಕಾಕಾ ಅವರ ತೆಪ್ಪದಲ್ಲಿ ತೂಬಿನ ಕಲ್ಲುಕಂಬದ ಬಳಿ ಹೋಗಿ ಲೂರನ್ನು ನೇರವಾಗಿ ಇಳಿಬಿಟ್ಟೆ: 10 ಎಣಿಕೆ, ಅಂದರೆ 15 ಅಡಿ. ಬಳಿಕ ಏರಿಯ ಮೇಲೆ 20 ಮೀಟರ್ ದೂರದಲ್ಲಿ ನಿಂತು ಅದೇ ಕಂಬದ ಪಕ್ಕಕ್ಕೆ ಎಸೆದೆ: 13 ಎಣಿಕೆ. ಆಳ ಅದೇ, ಎಣಿಕೆ ಮಾತ್ರ ಬೇರೆ. ಹಾಗಾಗಿ ಏರಿಯಿಂದ ಎಸೆಯುವಾಗ ನನ್ನ ಒಂದು ಎಣಿಕೆಗೆ ಒಂದೂವರೆ ಅಡಿಯಲ್ಲ, ಸುಮಾರು 1.15 ಅಡಿ. ದೂರ ಹೆಚ್ಚಾದರೆ ಈ ಅಂಕಿ ಇನ್ನೂ ಇಳಿಯುತ್ತದೆ. ಅದಕ್ಕೇ ದಾರದ ಮೇಲೆ 20 ಮೀಟರಿಗೆ ಕಪ್ಪು ಮಾರ್ಕರಿನ ಗುರುತು ಹಾಕಿಕೊಂಡು ಪ್ರತಿ ಬಾರಿಯೂ ಅಷ್ಟೇ ಎಸೆಯುತ್ತೇನೆ. ತೆಳುವಾದ ಬ್ರೇಡ್, ಅಂದರೆ ಹೆಣೆದ ದಾರ, ತೆಗೆದು ದಪ್ಪ ನೈಲಾನ್ ಹಾಕಿದರೆ ಮತ್ತೆ ಕಂಬದ ಬಳಿಯೇ ಹೋಗಬೇಕು.

ಕೆರೆಯ ನಕ್ಷೆ

ಏರಿಯನ್ನು ಕಣಿವೆಗೆ ಅಡ್ಡ ಕಟ್ಟಿರುವುದರಿಂದ ಆಳವೆಲ್ಲ ಏರಿಯ ಕಡೆ, ಅದರಲ್ಲೂ ತೂಬಿನ ಬಳಿ. ಹಳ್ಳ ಬಂದು ಸೇರುವ ಅಂಗಳದ ಕಡೆ ತೆಳುನೀರು. ಇದು ಹಳ್ಳಿಯವರಿಗೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದ ತಗ್ಗುಗಳನ್ನು ಹುಡುಕಲು ಒಂದೇ ಕಡೆ ನಿಂತು ಬೀಸಣಿಗೆಯ ಕಡ್ಡಿಗಳಂತೆ ಐದು ದಿಕ್ಕಿಗೆ ಎಸೆಯಬೇಕು. ಏರಿಯ ಎಡತುದಿಯಲ್ಲಿ ನನಗೆ ಬಂದ ಎಣಿಕೆ: 7, 7, 8, 13, 8. ಸುತ್ತ ಎಂಟೊಂಬತ್ತು ಅಡಿ ಇರುವಲ್ಲಿ ಒಂದೆಡೆ ಮಾತ್ರ ಹದಿನೈದು ಅಡಿ. ಬೇಸಿಗೆಯಲ್ಲಿ ಹೊಲಗಳಿಗೆ ಹೂಳು ಹೇರಲು ಜೆಸಿಬಿ ಅಗೆದ ಗುಂಡಿ ಅದೆಂದು ಕಾಕಾ ಹೇಳಿದರು.

ಈ ವಿಧಾನದಲ್ಲಿ ನನಗೆ ಅತಿ ಇಷ್ಟವಾದದ್ದು ಮುಂದಿನ ಸಂಗತಿ. ತಳ 13 ಎಂದು ತಿಳಿದ ಮೇಲೆ ದಾರ 9ಕ್ಕೇ ಸಡಿಲಾದರೆ ಅದು ನೆಲವಲ್ಲ. ಇಳಿಯುತ್ತಿದ್ದ ಲೂರನ್ನು ಯಾವುದೋ ಮೀನು ಬಾಯಿಗೆ ಹಾಕಿಕೊಂಡಿದೆ. ಆಗ ಯೋಚಿಸುತ್ತ ನಿಲ್ಲದೆ ದಾರ ಸುತ್ತಿ ಕೋಲು ಎತ್ತಬೇಕು. ಒಂಬತ್ತನೆಯ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಆ ಗುಂಡಿಯ ಮೇಲೆ ಹೀಗೆಯೇ ಆಯಿತು: ‘ಒಂಬತ್ತು ಪೇಡಾ’ ಎನ್ನುವಷ್ಟರಲ್ಲಿ ದಾರ ಜೋತುಬಿತ್ತು, ಎತ್ತಿದಾಗ ಕೋಲು ಬಾಗಿತು, ಮೊಣಕೈ ಉದ್ದದ ಬಾಳೆ ಮೀನು ಉದ್ದ ಮೀಸೆ ಬಿಟ್ಟುಕೊಂಡು ಏರಿಯ ಕಲ್ಲಿಗೆ ಬಂತು. ಈ ಜಾತಿ ಎಲ್ಲ ಕಡೆಯೂ ಕಡಿಮೆಯಾಗುತ್ತಿರುವುದರಿಂದ ಕೊಂಡಿ ಬಿಡಿಸಿ ನೀರಿಗೇ ಬಿಟ್ಟೆ. ಮೊದಲಿನ ಎಂಟು ವಾರಗಳಲ್ಲಿ ಇಂಥ ಎಷ್ಟು ಸಡಿಲಗಳನ್ನು ಗಾಳಿಯ ಲೆಕ್ಕಕ್ಕೆ ಬರೆದೆನೋ.

ದಾರ ಸುತ್ತುವಾಗ ಲೂರ್ ಮೇಲೇರುತ್ತ ಬರುತ್ತದೆ. ಆದ್ದರಿಂದ ಕೋಲಿನ ತುದಿಯನ್ನು ನೀರಿನ ಹತ್ತಿರವೇ ಹಿಡಿದು, ಐದು ಸುತ್ತಿಗೊಮ್ಮೆ ನಿಲ್ಲಿಸಿ, ಎರಡು ಎಣಿಸಿ ಮತ್ತೆ ಇಳಿಯಗೊಡಬೇಕು.

ಬರೆದಿಟ್ಟ ಎಣಿಕೆಗಳು ಅಂದಿನ ನೀರಿನ ಮಟ್ಟಕ್ಕೆ ಮಾತ್ರ ಸರಿ. ನಮ್ಮ ಕಡೆ ಚಳಿಗಾಲದ ಪೈರಿಗೆ ತೂಬು ತೆರೆದಾಗ ಕೆರೆ ಬೇಗ ಇಳಿಯುತ್ತದೆ. ಏರಿಯ ನೀರಂಚಿನ ಕಲ್ಲಿನ ಸಾಲುಗಳನ್ನು ಎಣಿಸಿ ದಿನಾಂಕದ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ನೀರು ಒಂದು ಅಡಿ ಇಳಿದರೆ ಎಲ್ಲ ಎಣಿಕೆಗಳಿಂದಲೂ ಸುಮಾರು ಒಂದನ್ನು ಕಳೆಯಬೇಕು.