ಮನೆ ಕೊಳ್ಳುವ ಮುನ್ನ ನೀರಿನ ಜಾಡು ಹಿಡಿಯಿರಿ

ಬೆಂಗಳೂರಿನಲ್ಲಿ ಕಟ್ಟಿದ ಮನೆಯನ್ನು ಕೊಳ್ಳುವವರು ಖಾತೆ, ಋಣಭಾರ ಪ್ರಮಾಣಪತ್ರ, ತೆರಿಗೆ ರಸೀದಿಗಳನ್ನೆಲ್ಲ ವಕೀಲರ ಕೈಯಲ್ಲಿ ತಪಾಸಣೆ ಮಾಡಿಸುತ್ತಾರೆ. ಕಟ್ಟಡವನ್ನು ಮಾತ್ರ ಭಾನುವಾರ ಅರ್ಧ ಗಂಟೆ ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಸ್ಟ್ರಕ್ಚರಲ್ ಎಂಜಿನಿಯರ್ ಆಗಿ ನಾನು ಪರೀಕ್ಷಿಸುವ ಮನೆಗಳ ದೋಷಗಳಲ್ಲಿ ಹೆಚ್ಚಿನವು ನೀರಿನಿಂದಲೇ ಹುಟ್ಟಿದವು. ಹಾಗಾಗಿ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ, ಜೋರು ಮಳೆಯಾದ ಮರುದಿನ ಮನೆ ನೋಡಲು ಹೋಗುವುದು ಲೇಸು.

ಇಡೀ ಮನೆಗೆ ಬಣ್ಣ ಬಳಿಸಿದ್ದರೆ ಅದು ಮಾರುವವರ ವಾಡಿಕೆ. ಒಂದೇ ಕೋಣೆಯ ಚಾವಣಿಗೋ ಗೋಡೆಯ ಕೆಳಗಿನ ಎರಡು ಅಡಿಗೋ ಮಾತ್ರ ಹೊಸ ಬಣ್ಣವಿದ್ದರೆ ಕಾರಣ ಕೇಳಲೇಬೇಕು. ಮೇಲಂತಸ್ತಿನ ಬಚ್ಚಲುಮನೆಯನ್ನು ಮೇಲಿನಿಂದ ನೋಡಿದರೆ ಸಾಲದು. ಅದರ ಸಂಕನ್ ಸ್ಲ್ಯಾಬಿನ (ಕೊಳವೆಗಳಿಗಾಗಿ ತಗ್ಗಿಸಿ ಹಾಕಿದ ಕಾಂಕ್ರೀಟ್ ನೆಲದ) ತಳಭಾಗವನ್ನು ಕೆಳಗಿನ ಕೋಣೆಯಿಂದ ಪರೀಕ್ಷಿಸಬೇಕು, ಅಲ್ಲಿ ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಹಲಗೆಯನ್ನಾದರೂ ತೆಗೆಸಬೇಕು. ತೆಗೆಯಲು ಒಪ್ಪದ ಮಾಲೀಕರ ಮನೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಕಾಂಕ್ರೀಟಿನೊಳಗೆ ಇಳಿದ ನೀರು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕಿಗೆ ಮೂಲ ಉಕ್ಕಿಗಿಂತ ಹೆಚ್ಚು ಜಾಗ ಬೇಕಾಗುವುದರಿಂದ ಅದು ಹೊರಗಿನ ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ಕಂಬಿಯ ಗುಂಟ ಕಂದು ಗೆರೆ ಮೂಡಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಬರಿಯ ಗಾರೆ ಮೆತ್ತಿಸಿದರೆ ಪ್ರಯೋಜನವಿಲ್ಲ.

ಸಂಪನ್ನು ಪರೀಕ್ಷಿಸುವುದು ಸುಲಭ. ರಾತ್ರಿ ಒಳಹರಿವನ್ನೂ ಮೋಟಾರನ್ನೂ ನಿಲ್ಲಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿಸಿ, ಬೆಳಿಗ್ಗೆ ನೋಡಿದರಾಯಿತು. ಮೂವತ್ತು-ನಲವತ್ತರ ನಿವೇಶನಗಳಲ್ಲಿ ಸಂಪು ಸಾಮಾನ್ಯವಾಗಿ ಪಾರ್ಕಿಂಗ್ ಜಾಗದಡಿ, ಕಂಬಗಳ ಪಾಯಕ್ಕೆ ಹತ್ತಿರದಲ್ಲೇ ಇರುವುದರಿಂದ ಸೋರಿಕೆಯನ್ನು ಹಗುರವಾಗಿ ಕಾಣುವಂತಿಲ್ಲ.

ಬಿರುಕುಗಳೆಲ್ಲ ಅಪಾಯಕಾರಿಯಲ್ಲ. ತೊಲೆಯೂ ಗೋಡೆಯೂ ಸೇರುವಲ್ಲಿ ಕಾಣುವ ಕೂದಲೆಳೆಯಂಥ ಗೆರೆ ಬಹುಮಟ್ಟಿಗೆ ಗಾರೆಯದು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ನಾಣ್ಯ ತೂರುವಷ್ಟು ಅಗಲವಾದದ್ದು ಪಾಯ ಕುಸಿದಿರುವುದರ ಸೂಚನೆಯಾಗಿರಬಹುದು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದ, ಸಂಪಂಗಿ ಕೆರೆ ಕ್ರೀಡಾಂಗಣವಾದ ಈ ಊರಿನಲ್ಲಿ, ನಿವೇಶನವೂ ಭರ್ತಿ ಮಣ್ಣಿನ ಮೇಲಿದೆಯೇ, ರಾಜಕಾಲುವೆಗೆ ಅಂಟಿಕೊಂಡಿದೆಯೇ ಎಂಬುದನ್ನು ರಾಜ್ಯ ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಿಡಿದು ಹಳೆಯ ಗ್ರಾಮ ನಕ್ಷೆಯೊಂದಿಗೆ ತಾಳೆ ನೋಡಬೇಕು. 2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆಯ ಆಸುಪಾಸಿನ ಐಷಾರಾಮಿ ವಿಲ್ಲಾಗಳಿಗೂ ನೀರು ನುಗ್ಗಿತ್ತು.

ಬಿಲ್ಡರ್‌ನಿಂದ ಹೊಸ ಫ್ಲ್ಯಾಟ್ ಕೊಳ್ಳುವವರಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಕಲಮು ಆಸರೆಯಾಗುತ್ತದೆ: ಸ್ವಾಧೀನ ಪಡೆದ 5 ವರ್ಷಗಳೊಳಗೆ ರಚನಾ ದೋಷವನ್ನು ಗಮನಕ್ಕೆ ತಂದರೆ ಬಿಲ್ಡರ್ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಹಳೆಯ ಮನೆ ಕೊಳ್ಳುವವರು ದುರಸ್ತಿಯ ಅಂದಾಜು ವೆಚ್ಚವನ್ನು ಲಿಖಿತವಾಗಿ ಪಡೆದು, ಕರಾರಿಗೆ ಸಹಿ ಹಾಕುವ ಮೊದಲೇ ಬೆಲೆಯಲ್ಲಿ ಕಳೆಯಿಸಿಕೊಳ್ಳಬೇಕು.