ರಿಮ್ಮಿನ ಮೇಲೆ ಟೈರ್ ಜಾರುವುದು: ಡ್ರ್ಯಾಗ್ ರೇಸಿಂಗ್ ಚಕ್ರದ ಅಧ್ಯಯನ ಟಿಪ್ಪಣಿ

ಡ್ರ್ಯಾಗ್ ರೇಸಿಂಗ್ ಎಂದರೆ ನಿಂತಲ್ಲಿಂದ ಜೋರಾಗಿ ಹೊರಟು ನೇರ ದಾರಿಯಲ್ಲಿ ಓಡುವ ಚಿಕ್ಕ ಓಟ. ಅದರ ಕಾರು ಹೊರಡುವ ಕ್ಷಣದಲ್ಲಿ ಹಿಂಬದಿಯ ಚಕ್ರ ಎರಡು ಕಡೆ ಜಾರಬಹುದು. ಒಂದು, ಟೈರು ನೆಲದ ಮೇಲೆ ಜಾರುವುದು. ಹೊಗೆ, ಸದ್ದು ಎಲ್ಲ ಸೇರಿ ಅದು ದೂರದಿಂದಲೇ ಗೊತ್ತಾಗುತ್ತದೆ. ಇನ್ನೊಂದು, ಟೈರಿನೊಳಗೆ ರಿಮ್ಮೇ, ಅಂದರೆ ಟೈರ್ ಕೂರುವ ಲೋಹದ ಚಕ್ರವೇ, ಜಾರುವುದು. ರಿಮ್ ಮುಂದಕ್ಕೆ ತಿರುಗಿಬಿಡುತ್ತದೆ, ಟೈರು ಅದರ ಹಿಂದೆ ಒಂದಿಷ್ಟು ಉಳಿದುಬಿಡುತ್ತದೆ. ಹೊರಗೆ ನಿಂತವರಿಗೆ ಇದು ಕಾಣುವುದೇ ಇಲ್ಲ. ಈ ಟಿಪ್ಪಣಿ ಎರಡನೆಯದರ ಬಗ್ಗೆ. ಲೆಕ್ಕದ ಒಂದು ಹಂತದಲ್ಲಿ ನಾನು ಮೂರು ದಿನ ಸಿಕ್ಕಿಕೊಂಡಿದ್ದೆ. ಅದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಒಂದು ಪದ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಬೀಡ್ ಎಂದರೆ ಟೈರಿನ ಒಳ ಅಂಚು, ರಿಮ್ಮಿನ ಮೇಲೆ ಕೂರುವ ಭಾಗ. ಅದರ ಹೊಟ್ಟೆಯಲ್ಲಿ ಉಕ್ಕಿನ ತಂತಿಯ ಬಳೆ ಇರುತ್ತದೆ. ಒಂದು ಟೈರಿಗೆ ಎರಡು ಬೀಡ್, ಬದಿಗೊಂದು.

ನನ್ನನ್ನು ತಡೆದು ನಿಲ್ಲಿಸಿದ ಪ್ರಶ್ನೆ

ನೆಲಕ್ಕೆ ತಾಗುವುದು ಟೈರಿನ ಒಂದು ತುಂಡು ಮಾತ್ರ. ಬೀಡ್ ಆದರೋ ರಿಮ್ಮಿನ ಸುತ್ತಲೂ, ಎರಡೂ ಬದಿಯಲ್ಲಿ, ಬಿಗಿಯಾಗಿ ಕೂತಿರುತ್ತದೆ. ಅಂದ ಮೇಲೆ ನೆಲದ ಹಿಡಿತ ಮೊದಲು ಬಿಡಬೇಕಲ್ಲವೇ? ಬೀಡ್ ಯಾಕೆ ಮೊದಲು ಸೋಲುತ್ತದೆ?

ಇಲ್ಲಿ ಎರಡು ತಪ್ಪು ಒಟ್ಟಿಗೆ ಹೆಣೆದುಕೊಂಡಿವೆ. ಬಿಡಿಸಿಕೊಂಡರೆ ಉಳಿದದ್ದೆಲ್ಲ ಸಲೀಸು.

ಮೊದಲ ತಪ್ಪು: ತಾಗುವ ಜಾಗ ಹೆಚ್ಚಿದ್ದರೆ ಹಿಡಿತವೂ ಹೆಚ್ಚು ಎಂದುಕೊಂಡದ್ದು. ಘರ್ಷಣೆಯ ಸರಳ ಲೆಕ್ಕದಲ್ಲಿ ವಿಸ್ತೀರ್ಣ ಬರುವುದೇ ಇಲ್ಲ. ಎಷ್ಟು ಬಲದಿಂದ ಒತ್ತಿದೆ, ಎರಡು ಮೇಲ್ಮೈಗಳ ನಡುವಿನ ಘರ್ಷಣಾಂಕ ಎಷ್ಟು, ಇವೆರಡೇ ಮುಖ್ಯ. ನೆಲದ ಕಡೆ ಇರುವುದು ಮೆತ್ತನೆಯ ರಬ್ಬರು. ಹೊರಡುವ ಮುನ್ನ ಅದನ್ನು ಸುತ್ತಿಸಿ ಬಿಸಿ ಮಾಡಿರುತ್ತಾರೆ, ಟ್ರ್ಯಾಕಿಗೂ ಅಂಟು ಬಳಿದಿರುತ್ತಾರೆ. ಬೀಡ್ ಕಡೆ ಇರುವುದು ಗಟ್ಟಿ ರಬ್ಬರು, ನುಣುಪಾದ ಅಲ್ಯೂಮಿನಿಯಂ. ಕೆಲವೊಮ್ಮೆ ಟೈರ್ ಕೂರಿಸುವಾಗ ಹಚ್ಚಿದ ಸೋಪಿನ ನೀರು ಕೂಡ ಅಲ್ಲೇ ಉಳಿದಿರುತ್ತದೆ.

ಎರಡನೆಯ ತಪ್ಪೇ ನನ್ನನ್ನು ಹೆಚ್ಚು ಕಾಡಿದ್ದು. ನೆಲದಲ್ಲಿ ಎಷ್ಟು ಬಲವೋ ಬೀಡಿನಲ್ಲೂ ಅಷ್ಟೇ ಬಲ ಎಂದುಕೊಂಡಿದ್ದೆ. ಹಾಗಲ್ಲ. ಎರಡೂ ಕಡೆ ಸಮವಾಗಿರುವುದು ಟಾರ್ಕ್, ಬಲವಲ್ಲ. ಟಾರ್ಕ್ ಎಂದರೆ ಬಲ ಗುಣಿಸು ತ್ರಿಜ್ಯ. ತ್ರಿಜ್ಯ ಕಿರಿದಾದ ಕಡೆ ಬಲ ಹಿರಿದಾಗಲೇಬೇಕು. ಬಾಗಿಲನ್ನು ಹಿಡಿಯ ಹತ್ತಿರ ತಳ್ಳಿದರೆ ಬೆರಳು ಸಾಕು. ಕೀಲಿನ ಪಕ್ಕದಲ್ಲಿ ತಳ್ಳಿದರೆ ಅದೇ ಬಾಗಿಲಿಗೆ ಭುಜ ಕೊಡಬೇಕು. ಬೀಡ್ ಇರುವುದು ಕೀಲಿನ ಕಡೆಗೆ.

ಸಂಖ್ಯೆ ಹಾಕಿ ನೋಡೋಣ. 28 ಇಂಚು ವ್ಯಾಸದ ಸ್ಲಿಕ್ ಟೈರು (ಮೈಮೇಲೆ ಗೀರುಗಳಿಲ್ಲದ ನುಣುಪು ಓಟದ ಟೈರು), 15 ಇಂಚಿನ ರಿಮ್. ಟೈರಿನ ತ್ರಿಜ್ಯ 14 ಇಂಚು, ಬೀಡ್ ಕೂರುವ ಜಾಗದ ತ್ರಿಜ್ಯ 7.5 ಇಂಚು. 14 ಭಾಗಿಸು 7.5, ಅಂದರೆ ಸುಮಾರು 1.87. ನೆಲದಲ್ಲಿ ಒಂದು ಪಾಲು ಬಲ ಇದ್ದರೆ ಬೀಡ್ ಹೊರಬೇಕಾದದ್ದು ಹತ್ತಿರ ಹತ್ತಿರ ಎರಡು ಪಾಲು!

ಕಾರಿನ ತೂಕ 1400 ಕೆಜಿ, ಹೊರಡುವಾಗಿನ ವೇಗೋತ್ಕರ್ಷ 1.5 ಜಿ, ಅಂದರೆ ಗುರುತ್ವದ ಒಂದೂವರೆ ಪಟ್ಟು, ಎಂದುಕೊಳ್ಳಿ. ಒಟ್ಟು ಬಲ ಸುಮಾರು 20.6 ಕಿಲೋನ್ಯೂಟನ್, ಹಿಂದಿನ ಒಂದೊಂದು ಚಕ್ರಕ್ಕೆ 10.3. ಇದನ್ನು 1.87ರಿಂದ ಗುಣಿಸಿದರೆ ಒಂದು ಚಕ್ರದ ಎರಡು ಬೀಡ್‌ಗಳು ಸೇರಿ ಹಿಡಿದಿಡಬೇಕಾದ ಬಲ ಸುಮಾರು 19 ಕಿಲೋನ್ಯೂಟನ್. ಈ 19ನ್ನು ನೆನಪಿಡಿ, ಮುಂದೆ ಬೇಕು.

ಈ ಅನುಪಾತವೇ ನನ್ನ ಮೆಚ್ಚಿನ ಅಡ್ಡದಾರಿ. ಯಾವ ಚಕ್ರ ಕಂಡರೂ ಟೈರಿನ ವ್ಯಾಸವನ್ನು ರಿಮ್ಮಿನ ವ್ಯಾಸದಿಂದ ಭಾಗಿಸುತ್ತೇನೆ. ಡ್ರ್ಯಾಗ್ ರೇಸಿಂಗಿನ ಅತಿ ವೇಗದ ವರ್ಗವಾದ ಟಾಪ್ ಫ್ಯೂಯೆಲ್ ಕಾರುಗಳ ಹಿಂದಿನ ಟೈರು ಸುಮಾರು 36 ಇಂಚು, ರಿಮ್ 16 ಇಂಚು. ಅನುಪಾತ 2.25. ಆ ಕಾರುಗಳ ರಿಮ್ಮಿನಲ್ಲಿ ಟೈರನ್ನು ಬರೀ ಗಾಳಿಯ ಭರವಸೆಗೆ ಯಾಕೆ ಬಿಡುವುದಿಲ್ಲ ಎಂಬುದು ಈ ಒಂದು ಭಾಗಾಕಾರದಲ್ಲೇ ಅರ್ಧ ತಿಳಿಯುತ್ತದೆ.

ಹಾಗಾದರೆ ಬೀಡನ್ನು ಹಿಡಿದಿರುವುದು ಯಾವುದು

ಎರಡು ಸಂಗತಿ. ತಂತಿಯ ಬಳೆ ರಿಮ್ಮಿಗಿಂತ ತುಸು ಬಿಗಿ. ರಿಮ್ಮಿನ ಕೂರುವ ಜಾಗವೂ ಹೊರಕ್ಕೆ ಸ್ವಲ್ಪ ಏರಿರುವುದರಿಂದ ಬೀಡ್ ಹೊರಕ್ಕೆ ಸರಿದಷ್ಟೂ ಬಿಗಿಯಾಗುತ್ತದೆ. ಇದು ಒಂದು. ಇನ್ನೊಂದು ಗಾಳಿ. ಒಳಗಿನ ಒತ್ತಡ ಟೈರಿನ ಪಕ್ಕದ ಗೋಡೆಯನ್ನು ಹೊರಕ್ಕೆ ತಳ್ಳಿ, ಬೀಡನ್ನು ರಿಮ್ಮಿನ ಅಂಚಿಗೆ ಒತ್ತುತ್ತದೆ.

ಗಾಳಿಯ ಪಾಲು ಎಷ್ಟು? ಬೀಡಿನಿಂದ ಟೈರಿನ ಅತಿ ಅಗಲದ ಜಾಗದವರೆಗಿನ ಉಂಗುರದ ವಿಸ್ತೀರ್ಣವನ್ನು ಒತ್ತಡದಿಂದ ಗುಣಿಸಬೇಕು. ನಮ್ಮ ಟೈರಿನಲ್ಲಿ ಆ ಎರಡು ತ್ರಿಜ್ಯಗಳು 0.19 ಮೀಟರ್ ಮತ್ತು 0.27 ಮೀಟರ್ ಎಂದಿಟ್ಟುಕೊಂಡರೆ ಉಂಗುರದ ವಿಸ್ತೀರ್ಣ ಸುಮಾರು 0.116 ಚದರ ಮೀಟರ್. 15 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಅಂದರೆ 103 ಕಿಲೋಪ್ಯಾಸ್ಕಲ್. ಗುಣಿಸಿದರೆ ಒಂದು ಬದಿಗೆ 12 ಕಿಲೋನ್ಯೂಟನ್ ಒತ್ತುಬಲ. ಘರ್ಷಣಾಂಕವನ್ನು 0.5 ಎಂದು ಹಿಡಿದರೆ ಬದಿಗೆ 6, ಎರಡೂ ಬದಿ ಸೇರಿ 12.

ಬೇಕಾದದ್ದು 19, ಗಾಳಿ ಕೊಟ್ಟದ್ದು 12. ಉಳಿದ 7 ಕಿಲೋನ್ಯೂಟನ್ನನ್ನು ತಂತಿಯ ಬಿಗಿತವೇ ತುಂಬಿಕೊಡಬೇಕು. ಅದೇ ಟೈರಿಗೆ 30 ಪಿಎಸ್‌ಐ ಹಾಕಿದ್ದರೆ ಗಾಳಿಯೊಂದೇ 24 ಕೊಡುತ್ತಿತ್ತು, ಜಾರುವ ಮಾತೇ ಇರುತ್ತಿರಲಿಲ್ಲ. ಇವು ನಾನು ಊಹಿಸಿಕೊಂಡ ಅಳತೆಗಳ ಅಂದಾಜು, ನಿಖರ ಉತ್ತರವಲ್ಲ. ಆದರೂ ಕಷ್ಟ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತವೆ.

ಹಾಗಿದ್ದರೆ ಗಾಳಿ ಹೆಚ್ಚಿಸಬಾರದೇ? ಆಗುವುದಿಲ್ಲ. ಗಾಳಿ ಕಡಿಮೆ ಇದ್ದರೇ ಸ್ಲಿಕ್ ಟೈರು ನೆಲದ ಮೇಲೆ ಅಗಲವಾಗಿ ಹರಡಿಕೊಳ್ಳುವುದು. ವಿಸ್ತೀರ್ಣ ಲೆಕ್ಕಕ್ಕಿಲ್ಲ ಎಂಬ ಸರಳ ನಿಯಮ ಮೆತ್ತನೆಯ ರಬ್ಬರಿಗೆ ಪೂರ್ತಿ ಹೊಂದುವುದಿಲ್ಲ, ಹರಡಿಕೊಂಡರೆ ಅದಕ್ಕೆ ಹಿಡಿತ ಹೆಚ್ಚುತ್ತದೆ. ಅದರ ತೆಳ್ಳನೆಯ ಗೋಡೆ ಹೊರಡುವಾಗ ಸೀರೆಯ ನೆರಿಗೆಯಂತೆ ಮಡಿಚಿಕೊಂಡು ಮೊದಲ ಹೊಡೆತವನ್ನು ಸ್ಪ್ರಿಂಗಿನ ಹಾಗೆ ನುಂಗುತ್ತದೆ. ಟಾಪ್ ಫ್ಯೂಯೆಲ್‌ನಲ್ಲಿ ಒತ್ತಡ ಒಂದಂಕಿಗೆ ಇಳಿಯುತ್ತದೆ. ನೆಲದ ಹಿಡಿತಕ್ಕಾಗಿ ಇಳಿಸಿದ ಗಾಳಿಯೇ ರಿಮ್ಮಿನ ಹಿಡಿತವನ್ನು ಕಸಿಯುತ್ತದೆ. ಮುಂದಿನ ಉಪಾಯಗಳೆಲ್ಲ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ಜಾರಿದ್ದು ಗೊತ್ತಾಗುವುದು ಹೇಗೆ

ಟೈರಿನ ಗೋಡೆಯಿಂದ ರಿಮ್ಮಿನ ಅಂಚಿಗೆ ದಾಟುವಂತೆ ಬಿಳಿ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಓಟದ ನಂತರ ಗೆರೆ ಮುರಿದು ಎರಡಾಗಿದ್ದರೆ ಜಾರಿದೆ ಎಂದರ್ಥ. 15 ಇಂಚಿನ ರಿಮ್ಮಿನ ಅಂಚಿನಲ್ಲಿ ಸುಮಾರು ಮೂರೂವರೆ ಮಿಲಿಮೀಟರಿಗೆ ಒಂದು ಡಿಗ್ರಿ. ಗೆರೆಯನ್ನು ಎರಡೂ ಬದಿಗೆ ಎಳೆಯಬೇಕು. ಹೊರಬದಿ ಒಂದನ್ನೇ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ.

ನಾನು ಹತ್ತಿರದಿಂದ ನೋಡಿದ ಒಂದು ಚಕ್ರದಲ್ಲಿ ಗೆರೆ 35 ಮಿಲಿಮೀಟರ್ ಸರಿದಿತ್ತು, ಅಂದರೆ ಹತ್ತು ಡಿಗ್ರಿ. ಟೈರ್ ಬಿಚ್ಚಿದಾಗ ಬೀಡ್ ಕೂರುವ ಜಾಗದಲ್ಲಿ ಬೆರಳಗಲದ ಒಂದು ಪಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ಕಾಡಿಗೆಯಂಥ ನಯವಾದ ರಬ್ಬರಿನ ಪುಡಿ. ಉಗುರಿನಿಂದ ಕೆರೆದರೆ ಸೋಪಿನ ಒಣಗಿದ ಪೊರೆ ಬಂತು. ಅಲ್ಲಿಂದ ನಾನು ಕಲಿತದ್ದು: ಟೈರ್ ಕೂರಿಸಲು ಜಾರುವ ದ್ರವ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಮತ್ತು ಅದು ಪೂರ್ತಿ ಒಣಗುವವರೆಗೆ ಕಾರನ್ನು ಓಡಿಸಬಾರದು. ಎಣ್ಣೆ, ಸಿಲಿಕೋನ್ ಹತ್ತಿರಕ್ಕೂ ಬರಬಾರದು.

ಹತ್ತು ಡಿಗ್ರಿ ಸರಿದರೆ ನಷ್ಟವೇನು? ಚಕ್ರದ ಸಮತೋಲನಕ್ಕೆ ರಿಮ್ಮಿನಲ್ಲಿ ಅಂಟಿಸಿದ ತೂಕ ಈಗ ತಪ್ಪು ಜಾಗದಲ್ಲಿದೆ, ವೇಗ ಏರಿದಾಗ ಚಕ್ರ ನಡುಗುತ್ತದೆ. ಟ್ಯೂಬ್ ಇದ್ದರೆ ಇನ್ನೂ ಕೆಟ್ಟದ್ದು. ಟ್ಯೂಬು ಟೈರಿಗೆ ಅಂಟಿಕೊಂಡು ಅದರ ಜೊತೆಗೇ ಸರಿಯುತ್ತದೆ, ಆದರೆ ವಾಲ್ವ್ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮೊದಲು ವಾಲ್ವ್ ವಾಲುತ್ತದೆ, ಆಮೇಲೆ ಬುಡದಲ್ಲಿ ಹರಿಯುತ್ತದೆ, ಗಾಳಿ ಒಮ್ಮೆಲೇ ಹೋಗುತ್ತದೆ. ವಾಲಿದ ವಾಲ್ವ್ ಕಂಡರೆ ಆ ಚಕ್ರವನ್ನು ಇನ್ನೊಂದು ಓಟಕ್ಕೆ ಬಿಡಬೇಡಿ.

ರಿಮ್ ಸ್ಕ್ರೂ

ಎಲ್ಲಕ್ಕಿಂತ ಸರಳ ಉಪಾಯ ಇದೇ. ರಿಮ್ಮಿನ ಅಂಚಿನಲ್ಲಿ ಸುತ್ತಲೂ ಸಮ ಅಂತರದಲ್ಲಿ ತೂತು ಕೊರೆದು, ಹೊರಗಿನಿಂದ ತಗಡಿಗೆ ಹಾಕುವಂಥ ಸ್ಕ್ರೂಗಳನ್ನು ತಿರುಗಿಸಿ, ಅವುಗಳ ತುದಿ ಬೀಡಿನ ರಬ್ಬರನ್ನು ಕಚ್ಚುವಂತೆ ಮಾಡುವುದು. ಬದಿಗೆ 8, 12, 16 ಹೀಗೆ ಕಾರಿನ ಶಕ್ತಿಗೆ ತಕ್ಕಂತೆ ಹಾಕುತ್ತಾರೆ. ಇಲ್ಲಿ ಘರ್ಷಣೆಯ ಕೆಲಸವನ್ನು ಸ್ಕ್ರೂಗಳು ಹಂಚಿಕೊಳ್ಳುತ್ತವೆ: ಟೈರು ಸರಿಯಬೇಕಾದರೆ ಒಂದೊಂದು ಸ್ಕ್ರೂವಿನ ಮುಂದೆಯೂ ರಬ್ಬರು ಹರಿಯಬೇಕು.

ನನಗೆ ಇಲ್ಲಿ ಇದ್ದ ಭಯ, ಗಾಳಿ ಸೋರುತ್ತದಲ್ಲ ಎಂಬುದು. ಸೋರುವುದಿಲ್ಲ. ಗಾಳಿಯನ್ನು ತಡೆಯುವುದು ಬೀಡ್ ಮತ್ತು ಅದು ಕೂತ ಜಾಗದ ನಡುವಿನ ಬಿಗಿ ಜೋಡಣೆ. ಸ್ಕ್ರೂ ಬರುವುದು ಅದರ ಹೊರಗೆ, ರಿಮ್ಮಿನ ಅಂಚಿನ ಮೂಲಕ, ಬೀಡಿನ ದಪ್ಪ ರಬ್ಬರಿಗೆ. ಗಾಳಿಯ ಕೋಣೆಯನ್ನು ಅದು ಮುಟ್ಟುವುದೇ ಇಲ್ಲ. ಮುಟ್ಟಿದರೆ ಸ್ಕ್ರೂ ಉದ್ದವಾಯಿತು ಅಥವಾ ತೂತು ಮೇಲೆ ಬಿತ್ತು ಎಂದೇ ಅರ್ಥ. ತೂತು ಮೇಲಾದರೆ ತೆಳ್ಳನೆಯ ಗೋಡೆಗೆ ಚುಚ್ಚುತ್ತದೆ. ಉದ್ದವಾದರೆ ತುದಿ ತಂತಿಯ ಬಳೆಗೆ ತಗಲುತ್ತದೆ, ಅದನ್ನು ದಾಟಿದರೆ ಟ್ಯೂಬಿಗೆ. ಹಾಗಾಗಿ ತುದಿ ಅಂಚಿನ ಒಳಮೈಯಿಂದ ಕೆಲವೇ ಮಿಲಿಮೀಟರ್ ಹೊರಬಂದರೆ ಸಾಕು. ಖಾಲಿ ರಿಮ್ಮಿಗೆ ಒಂದು ಸ್ಕ್ರೂ ಹಾಕಿ, ಒಳಗೆ ಇಣುಕಿ, ಅಳತೆಪಟ್ಟಿ ಹಿಡಿದು ನೋಡಿದ ಮೇಲೆಯೇ ಉಳಿದವನ್ನು ಕೊಳ್ಳಿ.

ಕೆಲಸದ ಕ್ರಮವೂ ಮುಖ್ಯ. ಕೊರೆಯುವುದು ಟೈರ್ ಇಲ್ಲದಾಗ. ಆಮೇಲೆ ತೂತಿನ ಅಂಚನ್ನು ಉಜ್ಜಿ ನುಣುಪು ಮಾಡಿ, ಟೈರ್ ಕೂರಿಸಿ, ಗಾಳಿ ತುಂಬಿ, ಎರಡೂ ಬೀಡ್ ಅಂಚಿಗೆ ಒತ್ತಿ ನಿಂತ ಮೇಲೆ ಸ್ಕ್ರೂ ತಿರುಗಿಸುವುದು. ಬೀಡ್ ಸರಿಯಾಗಿ ಕೂರುವ ಮೊದಲೇ ಸ್ಕ್ರೂ ಹಾಕಿದರೆ ಟೈರು ಓರೆಯಾಗಿಯೇ ಉಳಿಯುತ್ತದೆ. ಸಮತೋಲನ ನೋಡುವುದು ಎಲ್ಲ ಸ್ಕ್ರೂ ಹಾಕಿದ ನಂತರ. ಟೈರ್ ಬಿಚ್ಚುವಾಗ ಒಂದೂ ಬಿಡದೆ ಎಲ್ಲವನ್ನೂ ತೆಗೆಯಬೇಕು. ಒಂದು ಉಳಿದರೂ ಬೀಡ್ ಹರಿಯುತ್ತದೆ. ಹಾಕುವಾಗಲೇ ಎಣಿಸಿ ಬರೆದಿಡಿ. ಮತ್ತೆ, ಎಲ್ಲ ರಿಮ್ಮನ್ನೂ ಕೊರೆಯುವಂತಿಲ್ಲ. ತಯಾರಕರು ಅದಕ್ಕೆ ಒಪ್ಪಿದ ರಿಮ್ಮುಗಳನ್ನು ಮಾತ್ರ.

ಬೀಡ್‌ಲಾಕ್ ಮತ್ತು ಒರಟು ರಿಮ್

ಬೀಡ್‌ಲಾಕ್‌ನಲ್ಲಿ ಬೀಡನ್ನು ರಿಮ್ಮಿಗೂ ಒಂದು ಲೋಹದ ಉಂಗುರಕ್ಕೂ ನಡುವೆ ಇಟ್ಟು ಸುತ್ತಲೂ ಬೋಲ್ಟ್ ಬಿಗಿಯುತ್ತಾರೆ. ಒತ್ತುಬಲ ಬೋಲ್ಟಿನಿಂದ ಬರುವುದರಿಂದ ಗಾಳಿ ಎಷ್ಟೇ ಇಳಿಸಿದರೂ ಹಿಡಿತ ಹಾಗೇ ಇರುತ್ತದೆ. ಮೇಲಿನ ಇಕ್ಕಟ್ಟನ್ನು ಬುಡದಲ್ಲೇ ಬಿಡಿಸುವ ಉಪಾಯ ಇದು. ಆದರೆ ತೂಕ, ಖರ್ಚು ಹೆಚ್ಚು. ಬೋಲ್ಟುಗಳನ್ನು ಎದುರುಬದುರಾಗಿ, ಹಂತ ಹಂತವಾಗಿ ಬಿಗಿಯಬೇಕು. ರಬ್ಬರು ಒತ್ತಿಕೊಂಡು ಸಡಿಲವಾಗುವುದರಿಂದ ಮೊದಲ ಕೆಲವು ಓಟಗಳ ನಂತರ ಮತ್ತೆ ನೋಡಬೇಕು.

ಇನ್ನೊಂದು ದಾರಿ, ಬೀಡ್ ಕೂರುವ ಜಾಗವನ್ನೇ ಒರಟು ಮಾಡುವುದು. ಸಣ್ಣ ಹಲ್ಲುಗಳ ಗೀರು ಹಾಕಿದ ರಿಮ್ಮುಗಳು ಸಿಗುತ್ತವೆ. 2014ರ ಷೆವರ್ಲೆ ಕ್ಯಾಮರೋ ಝಡ್/28 ಡ್ರ್ಯಾಗ್ ಕಾರಲ್ಲ, ತಿರುವುಗಳ ಟ್ರ್ಯಾಕಿಗೆಂದು ಮಾಡಿದ ಕಾರು. ಅದರ ಟೈರೂ ರಿಮ್ಮಿನ ಮೇಲೆ ಜಾರಿದ್ದರಿಂದ ಎಂಜಿನಿಯರುಗಳು ರಿಮ್ಮಿನ ಆ ಭಾಗಕ್ಕೆ ಕಣಗಳನ್ನು ಸಿಡಿಸಿ ಒರಟಾಗಿಸಿದರು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ನಾನು 0.5 ಎಂದು ಹಿಡಿದ ಸಂಖ್ಯೆಯನ್ನೇ ಮೇಲೆತ್ತಿದರು.

ಗೆರೆ ಸುಳ್ಳು ಹೇಳುವ ಸಂದರ್ಭ

ಹೊರಡುವಾಗ ರಿಮ್ ಮುಂದೆ, ಟೈರು ಹಿಂದೆ. ಓಟದ ಕೊನೆಯಲ್ಲಿ ಬ್ರೇಕ್ ಒತ್ತಿದಾಗ ಇದು ತಿರುಗುಮುರುಗು: ರಿಮ್ಮನ್ನು ಬ್ರೇಕ್ ತಡೆಯುತ್ತದೆ, ಟೈರು ಮುಂದಕ್ಕೆ ಎಳೆಯುತ್ತದೆ. ಹೀಗೆ ಸರಿದ ಗೆರೆ ತುಸು ವಾಪಸು ಬರಲೂಬಹುದು. ಐದು ಮಿಲಿಮೀಟರ್ ಮಾತ್ರ ಸರಿದಿದೆ ಎಂದು ಬರೆದುಕೊಂಡದ್ದು ನಿಜದಲ್ಲಿ ಹತ್ತು ಸರಿದು ಐದು ಮರಳಿರಬಹುದು. ಅದಕ್ಕೇ ಈಗ ನಾನು ಅಳೆಯುವುದು ಪೂರ್ತಿ ಓಟದ ನಂತರವಲ್ಲ. ಜೋರಾಗಿ ಹೊರಟು, ಕೆಲವು ಮೀಟರ್ ಆದ ಮೇಲೆ ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಮುಟ್ಟದೆ ಕಾರು ತಾನಾಗಿ ನಿಂತಾಗ ಇಳಿದು, ನಾಲ್ಕೂ ಗೆರೆಗಳನ್ನು ಅಳೆದು, ಹೊರಬದಿ ಒಳಬದಿ ಬೇರೆ ಬೇರೆ ಬರೆದುಕೊಳ್ಳುತ್ತೇನೆ.