ನಾರಿನ ಹಲಗೆಗೆ ನ್ಯಾನೋ ಪುಡಿ: ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿಯೇ?

ಪ್ರಶ್ನೆ: ಕತ್ತಾಳೆ, ಸೆಣಬು, ತೆಂಗಿನ ನಾರನ್ನು ರೆಸಿನ್ ಎಂಬ ಪ್ಲಾಸ್ಟಿಕ್ ಅಂಟಿನಲ್ಲಿ ಕೂಡಿಸಿ ಮಾಡಿದ ಕಾಂಪೋಸಿಟ್ ಹಲಗೆಗೆ ಒಂದಿಷ್ಟು ಅತಿ ಸಣ್ಣ ನ್ಯಾನೋ ಕಣ ಬೆರೆಸಿದರೆ ಬಲ ಏರುತ್ತದಂತೆ. ಹಾಗಾದರೆ ಶೇ 10–15ರಷ್ಟು ಬೆರೆಸಿ ಇನ್ನಷ್ಟು ಗಟ್ಟಿ ಮಾಡಬಹುದಲ್ಲ?

ಉತ್ತರ: ಹಾಗೆ ಮಾಡಿದರೆ ಹಲಗೆ ಕೆಡುವ ಸಂಭವವೇ ಹೆಚ್ಚು. ಜೇಡಿಯ ಪದರವೋ ಸಿಲಿಕಾ ಕಣವೋ ಆದರೆ ಸಾಮಾನ್ಯವಾಗಿ ರೆಸಿನ್ ತೂಕದ ಶೇ 1ರಿಂದ 5ರ ಒಳಗೆಲ್ಲೋ ಬಲ ತುದಿ ಮುಟ್ಟುತ್ತದೆ. ಇಂಗಾಲದ ಅತಿ ತೆಳು ಹಾಳೆಯಾದ ಗ್ರಾಫೀನ್‌ಗೆ ಶೇ 1 ಕೂಡ ಎಷ್ಟೋ ಸಲ ಜಾಸ್ತಿಯೇ. ಅದರಾಚೆ ಬಲ ಇಳಿಯತೊಡಗುತ್ತದೆ.

ಇಂಥ ಹಲಗೆ ಮುರಿದ ಜಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ನಾರುಗಳು ತುಂಡಾಗದೆ, ರೆಸಿನ್‌ನಿಂದ ಕಳಚಿಕೊಂಡು ಹೊರಬಂದಿರುತ್ತವೆ. ನಾರಿನ ಸೆಲ್ಯುಲೋಸ್ ತುಂಬ ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಆಮ್ಲಜನಕ–ಜಲಜನಕದ ಜೋಡಿಗಳು. ಅವು ನೀರನ್ನು ಎಳೆದುಕೊಳ್ಳುತ್ತವೆ. ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್‌ಗೋ ನೀರೇ ಆಗದು. ಇವೆರಡರ ನಡುವಿನ ಅಂಟು ಸಡಿಲ. ಮಳೆಗಾಲದಲ್ಲಿ ನಾರು ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಆ ಸಂದು ಇನ್ನೂ ಅಗಲವಾಗುತ್ತದೆ.

ನ್ಯಾನೋ ಕಣಕ್ಕೆ ಕೆಲಸವಿರುವುದು ಈ ಸಂದಿನಲ್ಲಿ ಮತ್ತು ಸುತ್ತಲಿನ ರೆಸಿನ್‌ನಲ್ಲಿ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಒಂದೊಂದು ಹಾಳೆ ಸುಮಾರು 1 ನ್ಯಾನೋಮೀಟರ್ (ಮಿಲಿಮೀಟರ್‌ನ ಹತ್ತು ಲಕ್ಷದ ಒಂದು ಪಾಲು) ದಪ್ಪ. ಹಾಳೆಗಳು ಪೂರ್ತಿ ಬಿಡಿಬಿಡಿಯಾದರೆ ಒಂದೇ ಗ್ರಾಂ ಜೇಡಿಗೆ 700 ಚದರ ಮೀಟರ್‌ಗೂ ಮಿಕ್ಕಿದ ಮೇಲ್ಮೈ ಸಿಗುತ್ತದೆ. ಬಿರುಕು ನೇರ ಓಡಲಾರದೆ ಹಾಳೆಗಳನ್ನು ಸುತ್ತು ಹಾಕಿಕೊಂಡು ಹೋಗಬೇಕು, ನೀರಿಗೂ ಅದೇ ಪಾಡು. 1980ರ ದಶಕದಲ್ಲಿ ಟೊಯೋಟಾದ ಸಂಶೋಧಕರು ನೈಲಾನ್‌ಗೆ ಶೇ 5ರ ಆಸುಪಾಸು ಜೇಡಿ ಸೇರಿಸಿಯೇ ಅದರ ಬಿಗಿಯನ್ನೂ ಶಾಖ ತಾಳುವ ಗುಣವನ್ನೂ ಏರಿಸಿದ್ದರು.

ಆದರೆ ‘ಬಿಡಿಬಿಡಿಯಾದರೆ’ ಎಂಬುದೇ ದೊಡ್ಡ ಷರತ್ತು. ಕುದಿಯುವ ನೀರಿಗೆ ರಾಗಿ ಹಿಟ್ಟನ್ನು ಒಮ್ಮೆಲೇ ಸುರಿದಂತೆ, ಕಣಗಳೂ ಗಂಟು ಕಟ್ಟುತ್ತವೆ. ಎಳೆತ ಬಿದ್ದಾಗ ಬಿರುಕು ಶುರುವಾಗುವುದು ಆ ಗಂಟಿನಿಂದಲೇ. ಮೇಲಾಗಿ ಪುಡಿ ಹೆಚ್ಚಿದಷ್ಟೂ ರೆಸಿನ್ ಮಂದವಾಗುತ್ತದೆ. ಆಗ ಅದು ನಾರಿನ ಎಳೆಗಳ ನಡುವೆ ಇಳಿಯದು, ಗಾಳಿಗುಳ್ಳೆ ಒಳಗೇ ಉಳಿಯುತ್ತದೆ. ಶ್ರವಣಾತೀತ ಕಂಪನ ಕೊಟ್ಟು ಕಲಕಿದರೆ ಗಂಟು ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ.

ನನ್ನನ್ನು ಕೇಳಿದರೆ ಮೊದಲ ಖರ್ಚು ನಾರಿನ ಮೇಲಾಗಲಿ. ತೊಳೆದು, ಹದವಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ, ಚೆನ್ನಾಗಿ ಒಣಗಿಸಿದರೆ ಅಂಟು ಬಹಳ ಮಟ್ಟಿಗೆ ಸುಧಾರಿಸುತ್ತದೆ. ಸೋಡಾ ಅತಿಯಾದರೆ ನಾರೇ ಸೊರಗುತ್ತದೆ, ಅದು ನೆನಪಿರಲಿ. ‘ನ್ಯಾನೋ’ ಎಂದು ಬರೆದರೆ ಬೆಲೆ ಏರುತ್ತದೆ ನಿಜ. ಆದರೆ ನಾರಿನ ಹುಟ್ಟುಗುಣ ಅದರಿಂದ ಬದಲಾಗದು. ತೆಂಗಿನ ನಾರಿನೊಳಗೆ ಸೆಲ್ಯುಲೋಸ್ ಎಳೆಗಳು ನಾರಿನ ಉದ್ದಕ್ಕೆ 30–45 ಡಿಗ್ರಿ ಓರೆಯಾಗಿ ಸುರುಳಿ ಸುತ್ತಿವೆ, ಅಗಸೆ ನಾರಿನಲ್ಲಿ ಸುಮಾರು 10 ಡಿಗ್ರಿಯಷ್ಟೇ. ಹಾಗಾಗಿ ತೆಂಗಿನ ನಾರು ಚೆನ್ನಾಗಿ ಹಿಗ್ಗುತ್ತದೆ, ಭಾರ ಹೊರುವುದರಲ್ಲಿ ಹಿಂದೆ.

ಇನ್ನೊಂದು ಮಾತು. ರೆಸಿನ್ ಮಾಮೂಲಿ ಎಪಾಕ್ಸಿ (ಒಂದು ಕೃತಕ ಅಂಟು) ಆದರೆ, ನಾರು ಗಿಡದ್ದೇ ಆದರೂ ಹಲಗೆ ಮಣ್ಣಿನಲ್ಲಿ ಕರಗುವುದಿಲ್ಲ. ಒಣ ಪುಡಿ ತೂಗುವಾಗ, ಹಲಗೆ ಕೊಯ್ಯುವಾಗ ಧೂಳು ತಡೆಯುವ ಸರಿಯಾದ ಮಾಸ್ಕ್ ಇರಲಿ. ಬಟ್ಟೆ ಕಟ್ಟಿಕೊಂಡರೆ ಸಾಲದು. ಹಲಗೆ ಮಾರುವವರು ಬಲದ ಅಂಕಿ ತೋರಿಸಿದರೆ, ಅದು ಒಣಗಿದ್ದಾಗಿನದೋ ನೀರಿನಲ್ಲಿ ನೆನೆಸಿಟ್ಟ ಮೇಲಿನದೋ ಎಂದು ಕೇಳಿ.